ಬೆಳೆಯುವ ಕರುವಿನ ಎಲುಬಿಗೆ ಹುಲ್ಲು, ತೌಡು ಸಾಲದು

ಭದ್ರಾ ನಾಲೆಯ ನೀರು ಬಂದ ಮೇಲೆ ದಾವಣಗೆರೆ, ಹರಿಹರ ಕಡೆಯ ಕೊಟ್ಟಿಗೆಗಳಲ್ಲಿ ಭತ್ತದ ಹುಲ್ಲೇ ಮುಖ್ಯ ಮೇವಾಗಿದೆ. ಅಕ್ಕಿ ಗಿರಣಿಗಳು ಹತ್ತಿರವಿರುವುದರಿಂದ ತೌಡಿಗೂ ಕೊರತೆಯಿಲ್ಲ. ಇವೆರಡನ್ನೇ ತಿನ್ನುವ ಕರುವಿನ ಹೊಟ್ಟೆಯೇನೋ ತುಂಬುತ್ತದೆ. ಎಲುಬಿಗೆ ಬೇಕಾದದ್ದು ಸಿಗುವುದಿಲ್ಲ.

ಕಾಲಿನ ಉದ್ದನೆಯ ಎಲುಬು ನಡುವಿನಲ್ಲಿ ಉದ್ದವಾಗುವುದಿಲ್ಲ. ಅದರ ತುದಿಗಳ ಬಳಿ ಮೃದ್ವಸ್ಥಿಯ ತೆಳು ಪದರವಿರುತ್ತದೆ. ನಿಮ್ಮ ಕಿವಿಯನ್ನು ಬಾಗಿಸಿ ನೋಡಿ, ಅದೇ ಜಾತಿಯ ವಸ್ತು. ಈ ಪದರದ ಜೀವಕೋಶಗಳು ಒಡೆದು ಹೆಚ್ಚಾಗಿ, ಊದಿಕೊಂಡು, ಅಲ್ಲಿ ಸುಣ್ಣ ಮತ್ತು ರಂಜಕ ಸೇರಿ ಗಟ್ಟಿಯಾದ ಎಲುಬು ಕಟ್ಟುತ್ತದೆ. ಬೆಳವಣಿಗೆಯ ವೇಗವನ್ನು ಮುಖ್ಯವಾಗಿ ಪಿಟ್ಯೂಟರಿ, ಥೈರಾಯಿಡ್ ಗ್ರಂಥಿಗಳ ರಸಗಳು ನಡೆಸುತ್ತವೆ. ಬೆದೆಯ ವಯಸ್ಸು ದಾಟಿದ ಮೇಲೆ ಪದರಗಳು ಒಂದೊಂದಾಗಿ ಗಟ್ಟಿಯಾಗುತ್ತವೆ. ದನಗಳಲ್ಲಿ ಕೆಲವು ಸುಮಾರು 2 ವರ್ಷಕ್ಕೆ, ಕೆಲವು 4 ವರ್ಷದ ಹೊತ್ತಿಗೆ. ಆಮೇಲೆ ಯಾವ ಆಹಾರ ಕೊಟ್ಟರೂ ಸೊಟ್ಟ ಕಾಲು ನೆಟ್ಟಗಾಗದು.

ಎಲುಬಿನಲ್ಲಿ ಸುಣ್ಣ ಸುಮಾರು 2 ಪಾಲು, ರಂಜಕ 1 ಪಾಲು. ತೌಡಿನಲ್ಲಿ ಇದು ತಲೆಕೆಳಗು: ರಂಜಕವೇ ಸುಣ್ಣದ ಹತ್ತು ಪಟ್ಟಿಗೂ ಹೆಚ್ಚು. ಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದಬದ್ದ ಸುಣ್ಣವನ್ನೂ ಹಿಡಿದುಕೊಂಡು ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಆಗ ದೇಹವು ರಕ್ತದ ಸುಣ್ಣವನ್ನು ಸರಿಯಾಗಿಟ್ಟುಕೊಳ್ಳಲು ಎಲುಬಿನಿಂದಲೇ ಸಾಲ ತೆಗೆಯುತ್ತದೆ. ಆದುದರಿಂದ ಕರು ಬಹಳ ದಿನ ಚೆನ್ನಾಗಿಯೇ ಕಾಣುತ್ತದೆ. ಗೆಣ್ಣು ಊದಿದಾಗ, ಮುಂಗಾಲು ಬಾಗಿದಾಗ ನಮಗೆ ತಿಳಿಯುತ್ತದೆ. ಹಿಂದೆ ಪರದೇಶಗಳಲ್ಲಿ ತೌಡು ತಿಂದ ಗಿರಣಿ ಕುದುರೆಗಳಿಗೆ ದವಡೆ ಊದುವ ರೋಗ ಬರುತ್ತಿದ್ದುದೂ ಇದೇ ಕಾರಣದಿಂದ.

ಹಾಗೆಂದು ತೌಡನ್ನು ಬಿಡಬೇಕಾಗಿಲ್ಲ; ಅದು ಒಳ್ಳೆಯ ಆಹಾರವೇ. ಅದರ ಜೊತೆಗೆ ದ್ವಿದಳ ಮೇವು ಬೇಕು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣ ಹೇರಳ, ಆದರೆ ನೀರು ನಿಲ್ಲುವ ಗದ್ದೆಗೆ ಅದು ಒಗ್ಗದು. ಅಂಥಲ್ಲಿ ಬದುವಿನ ಮೇಲೆ ಚೊಗಚೆ ಹಾಕಿರಿ. ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲಿ ಅಲಸಂದೆ ಬಿತ್ತಿರಿ. ಪ್ರತಿ 100 ಕಿಲೋ ದಾಣಿಗೆ 2 ಕಿಲೋ ಖನಿಜ ಮಿಶ್ರಣ, 1 ಕಿಲೋ ಉಪ್ಪು ಬೆರೆಸಿರಿ. ಹುಲ್ಲನ್ನು ನೆನೆಸಿ ಆ ನೀರನ್ನು ಚೆಲ್ಲಿದರೆ ಆಕ್ಸಲೇಟ್ ಸ್ವಲ್ಪ ಕಡಿಮೆಯಾಗುತ್ತದೆ.

ಕರುವನ್ನು ಕತ್ತಲೆ ಮೂಲೆಯಲ್ಲಿ ಕಟ್ಟಬೇಡಿ. ಸುಣ್ಣ ಮೈಗೆ ಹತ್ತಲು ಬೇಕಾದ ಡಿ ಜೀವಸತ್ವ ಬಿಸಿಲಿನಿಂದ ಚರ್ಮದಲ್ಲೇ ತಯಾರಾಗುತ್ತದೆ. ಕಾಲು ಆಗಲೇ ಬಾಗಿದ್ದರೆ ಪಶುವೈದ್ಯರಿಗೆ ತೋರಿಸಿರಿ. ಡಿ ಜೀವಸತ್ವದ ಚುಚ್ಚುಮದ್ದನ್ನು ಮಾತ್ರ ನೀವಾಗಿಯೇ ತಂದು ಹಾಕಿಸಬೇಡಿ. ಅತಿಯಾದರೆ ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ.