ಕಾರ್ತಿಕದ ಹವಾಮಾನ: ನಂಬಿದ್ದೇನು, ನಡೆಯುವುದೇನು

ನವೆಂಬರ್ ನಡುವಿನ ವಾರದ ಹವಾಮಾನ ವರದಿ ಸಾಮಾನ್ಯವಾಗಿ ಹೀಗಿರುತ್ತದೆ: ದಕ್ಷಿಣ ಒಳನಾಡಿನ ಒಂದೆರಡು ಕಡೆ ಹಗುರ ಮಳೆ, ಉತ್ತರ ಒಳನಾಡಿನಲ್ಲಿ ಒಣ ಹವೆ, ಬೆಂಗಳೂರಿನಲ್ಲಿ ಭಾಗಶಃ ಮೋಡ, ಗರಿಷ್ಠ 27 ಡಿಗ್ರಿ, ಕನಿಷ್ಠ 18. ಪೇಟೆಯಲ್ಲಿರುವವರು ಏನೂ ವಿಶೇಷವಿಲ್ಲವೆಂದು ಪುಟ ಮಗುಚುತ್ತಾರೆ. ಆದರೆ ತುಮಕೂರು, ಕೋಲಾರದ ಹೊಲಗಳಲ್ಲಿ ರಾಗಿ ತೆನೆ ಬಲಿತು ನಿಂತಿರುವ ಹೊತ್ತದು. ಕೊಡಗು, ಚಿಕ್ಕಮಗಳೂರಿನಲ್ಲಿ ಅರೇಬಿಕಾ ಹಣ್ಣು ಕೊಯ್ದು ಕಣದಲ್ಲಿ ಹರವುವ ಹೊತ್ತು. ಅಲ್ಲಿ ಈ ಎರಡು ಸಾಲಿನ ಒಂದೊಂದು ಪದಕ್ಕೂ ಬೆಲೆಯಿದೆ. ಆ ಪದಗಳನ್ನು ತಪ್ಪಾಗಿ ಓದುವುದರಿಂದ ಕೈಗೆ ಬಂದ ಬೆಳೆ ಬಾಯಿಗೆ ಬರದೆ ಹೋಗುತ್ತದೆ.

“ದೀಪಾವಳಿ ಕಳೆಯಿತು, ಇನ್ನು ಮಳೆಯಿಲ್ಲ”

ಹಬ್ಬ ಚಂದ್ರನ ಲೆಕ್ಕದ್ದು. ಒಂದು ವರ್ಷ ಅಕ್ಟೋಬರ್ ಮೂರನೆಯ ವಾರದಲ್ಲಿ ಬಂದರೆ ಇನ್ನೊಂದು ವರ್ಷ ನವೆಂಬರ್ ಎರಡನೆಯ ವಾರಕ್ಕೆ ಸರಿಯುತ್ತದೆ. ಮೋಡಕ್ಕೆ ಆ ಲೆಕ್ಕ ತಿಳಿಯದು. ನೈರುತ್ಯ ಮುಂಗಾರು ಅಕ್ಟೋಬರ್ ಮಧ್ಯದ ಹೊತ್ತಿಗೆ ಹಿಂದೆ ಸರಿಯುತ್ತದೆ, ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಅಲ್ಲಿಂದ ಡಿಸೆಂಬರ್ ತನಕ ಹಿಂಗಾರಿನ ಕಾಲ. ಈ ಮೂರು ತಿಂಗಳಲ್ಲಿ ನಮ್ಮ ಆಕಾಶದ ಬೀಗದ ಕೈ ಇರುವುದು ಬಂಗಾಳಕೊಲ್ಲಿಯಲ್ಲಿ.

ಇದರ ಜೊತೆಗೇ ಇನ್ನೊಂದು ಮಾತು ಕೇಳಿಬರುತ್ತದೆ: “ಚಂಡಮಾರುತ ತಮಿಳುನಾಡಿಗೆ ಬಂದರೆ ನಮಗೇನು?” ಪುದುಚೇರಿಯಿಂದ ಬೆಂಗಳೂರಿಗೆ ನೇರ ಅಳತೆಯಲ್ಲಿ ಮುನ್ನೂರು ಕಿಲೋಮೀಟರ್ ಕೂಡ ಇಲ್ಲ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಸೇರಿತು. ಅದು ಬಲ ಕಳೆದುಕೊಂಡರೂ ಪಶ್ಚಿಮಕ್ಕೆ ಸಾಗಿತು. ಡಿಸೆಂಬರಿನ ಮೊದಲ ದಿನಗಳಲ್ಲಿ ದಕ್ಷಿಣ ಕರ್ನಾಟಕ ನೆನೆಯಿತು. 2021ರ ನವೆಂಬರ್ ಇನ್ನೂ ಕಠಿಣವಾಗಿತ್ತು. ಬಂಗಾಳಕೊಲ್ಲಿಯಿಂದ ಒಂದರ ಹಿಂದೊಂದು ಮೋಡದ ಸಾಲು ಬಂದು, ದಕ್ಷಿಣ ಒಳನಾಡಿನಲ್ಲಿ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಹಬ್ಬ ಮುಗಿಯಿತೆಂದು ನಂಬಿ ಕುಡುಗೋಲು ಹಿಡಿದವರಿಗೆ ಆ ವರ್ಷ ಉಳಿದದ್ದು ಕಪ್ಪಾದ ಹುಲ್ಲು.

“ಮಳೆ ಎಂದರು, ನಮ್ಮೂರಿಗೆ ಬರಲೇ ಇಲ್ಲ”

ಹವಾಮಾನ ಇಲಾಖೆಯನ್ನು ಸುಳ್ಳುಗಾರನೆಂದು ಕರೆಯುವ ಮುಂಚೆ ಅದು ಆಡಿದ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದೇವೆಯೇ ಎಂಬುದು ನನ್ನ ಪ್ರಶ್ನೆ. ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗ ಮಾಡಿಕೊಂಡಿದೆ. ವರದಿಯ “ಒಂದೆರಡು ಕಡೆ”, “ಕೆಲವು ಕಡೆ”, “ಹಲವು ಕಡೆ”, “ಬಹುತೇಕ ಕಡೆ” ಎಂಬ ಪದಗಳು ಬಾಯಿಮಾತಿಗೆ ಬಂದವಲ್ಲ, ಪ್ರತಿಯೊಂದಕ್ಕೂ ಅಳತೆಯಿದೆ. ಒಂದೆರಡು ಕಡೆ ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡ 25ರವರೆಗೆ. ಕೆಲವು ಕಡೆ ಎಂದರೆ 26ರಿಂದ 50. ಹಲವು ಕಡೆ ಎಂದರೆ 51ರಿಂದ 75. ಅದಕ್ಕೂ ಮೇಲ್ಪಟ್ಟರೆ ಬಹುತೇಕ ಕಡೆ. ಹಾಗಾದರೆ “ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆ” ಎಂಬ ವರದಿ ಬಂದ ದಿನ ನಾಲ್ಕರಲ್ಲಿ ಮೂರು ಊರು ಒಣಗಿಯೇ ಇದ್ದರೂ ಆ ವರದಿ ನಿಜವೇ.

“ಭಾರಿ ಮಳೆ” ಎಂಬುದಕ್ಕೂ ಹೀಗೇ ಗೆರೆಯಿದೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಮಾತ್ರ ಆ ಹೆಸರು. 15.5ರೊಳಗಿನದು ಹಗುರ ಮಳೆ. ಆ ಹಗುರ ಮಳೆಯ ಹತ್ತು ಮಿಲಿಮೀಟರ್ ಕಣದಲ್ಲಿ ಹರವಿದ ಕಾಫಿಗೆ ಹಗುರವಲ್ಲ. ಅದು ಬೆಳೆಗಾರರಿಗೆಲ್ಲ ಗೊತ್ತು. ಇನ್ನೊಂದು ಗೊಂದಲ ದಿನದ್ದು. ಮಳೆಯ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ತಾರೀಖಿನಲ್ಲಿ ಕಾಣುತ್ತದೆ. “ಮಂಗಳವಾರ ಹನಿಯೂ ಬೀಳಲಿಲ್ಲ, ಇವರು ಇಷ್ಟು ಬರೆದಿದ್ದಾರೆ” ಎಂಬ ಜಗಳ ಎಷ್ಟೋ ಸಲ ಹುಟ್ಟುವುದು ಇಲ್ಲಿಂದ.

“ಮೋಡ ಕವಿದಿದೆ, ರಾತ್ರಿ ಚಳಿ ಹೆಚ್ಚು”

ನಡೆಯುವುದು ಇದಕ್ಕೆ ತದ್ವಿರುದ್ಧ. ಮೋಡದ ಹಗಲಿನಲ್ಲಿ ಬಿಸಿಲಿಲ್ಲದೆ ಮೈ ಜುಮ್ಮೆನ್ನುತ್ತದೆ, ನಿಜ. ರಾತ್ರಿಯ ಲೆಕ್ಕ ಬೇರೆ. ಹಗಲು ಕಾದ ನೆಲ ಕತ್ತಲಾದ ಮೇಲೆ ಆ ಶಾಖವನ್ನು ಮೇಲಕ್ಕೆ ಬಿಡುತ್ತದೆ. ಮೋಡವಿದ್ದರೆ ಅದರಲ್ಲಿ ಬಹುಪಾಲನ್ನು ಹೀರಿ ನೆಲಕ್ಕೇ ಹಿಂದಿರುಗಿಸುತ್ತದೆ, ಕಂಬಳಿ ಹೊದಿಸಿದ ಹಾಗೆ. ಆಕಾಶ ತಿಳಿಯಾಗಿ ಗಾಳಿಯೂ ನಿಂತರೆ ಶಾಖ ಸಲೀಸಾಗಿ ಹೊರಟುಹೋಗುತ್ತದೆ. ಮೈ ಕೊರೆಯುವ ಚಳಿ ಬರುವುದು ನಕ್ಷತ್ರಗಳನ್ನು ಒಂದೊಂದಾಗಿ ಎಣಿಸುವಷ್ಟು ನಿಚ್ಚಳವಾದ ರಾತ್ರಿಗಳಲ್ಲಿ. ನವೆಂಬರಿನ ಹಿತವಾದ ವಾರದ ಗುಟ್ಟು ಇಷ್ಟೇ. ಕೊಲ್ಲಿಯ ತೇವ ಮೋಡವಾಗಿ ನಿಂತಿರುವಷ್ಟು ದಿನ ರಾತ್ರಿ ಬೆಚ್ಚಗಿರುತ್ತದೆ. ಮೋಡ ಸರಿದು ಒಣಗಾಳಿ ಬಂದರೆ ಕನಿಷ್ಠ ತಾಪಮಾನ ಸರ್ರನೆ ಇಳಿಯುತ್ತದೆ. ವರದಿಯಲ್ಲಿ ಗರಿಷ್ಠ ಉಷ್ಣಾಂಶ ಅಲುಗದೆ ಕನಿಷ್ಠ ಮಾತ್ರ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಿದ್ದರೆ ಆಕಾಶ ತೊಳೆದಂತಾಗುತ್ತಿದೆ ಎಂದು ಓದಿಕೊಳ್ಳಬಹುದು. ರಾಗಿ ಒಣಗಿಸುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆಯಿಲ್ಲ.

ಅಂಥ ತಿಳಿ ರಾತ್ರಿಯ ಬೆಳಗ್ಗೆಯೇ ಇಬ್ಬನಿ ಕಾಣುವುದು. ಅದು ಮೇಲಿನಿಂದ ಬೀಳುತ್ತದೆಂದು ನಮ್ಮ ಭಾಷೆಯೇ ಹೇಳುತ್ತದೆ, ಆದರೆ ಇಬ್ಬನಿ ಬೀಳುವುದಿಲ್ಲ. ತಣ್ಣಗಾದ ಎಲೆಯ ಮೇಲೆ ಸುತ್ತಲಿನ ಗಾಳಿಯ ತೇವ ನೀರಾಗಿ ಕೂರುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದೂ ಹೀಗೆಯೇ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ ಲಂಡನ್ನಿನ ಬಳಿ ತೋಟದಲ್ಲಿ ರಾತ್ರಿಯಿಡೀ ಉಣ್ಣೆಯ ಉಂಡೆಗಳನ್ನಿಟ್ಟು, ಬೆಳಿಗ್ಗೆ ತೂಗಿ ನೋಡಿ, 1814ರಲ್ಲಿ ಇದನ್ನು ವಿವರಿಸಿ ಬರೆದ.

ಬಯಲುಸೀಮೆಯ ಎರೆಹೊಲಗಳಲ್ಲಿ ಕಡಲೆ ಇಬ್ಬನಿ ಕುಡಿದೇ ಬೆಳೆಯುತ್ತದೆಂಬ ಮಾತಿದೆ. ಅದನ್ನು ಮುಖ್ಯವಾಗಿ ಸಾಕುವುದು ಮಳೆಗಾಲದಲ್ಲಿ ಕಪ್ಪು ಮಣ್ಣು ಹೀರಿ ಇಟ್ಟುಕೊಂಡ ತೇವ. ಹಾಗೆಂದು ಇಬ್ಬನಿಗೂ ಕಡಲೆಗೂ ನಂಟಿಲ್ಲವೆಂದಲ್ಲ. ರಾತ್ರಿ ಕಡಲೆ ಗಿಡದ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ತೆಗೆಯುವ ಕಡಲೆ ಹುಳಿ, ಎಲೆಯ ಕೂದಲುಗಳು ಒಸರುವ ಆಮ್ಲ ಇಬ್ಬನಿಯಲ್ಲಿ ಬೆರೆತು ಸಿಗುವಂಥದ್ದು.

“ಸೂರ್ಯ ದೂರ ಹೋದ, ಅದಕ್ಕೇ ಚಳಿ”

ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ ಅತಿ ದೂರ, 15.2 ಕೋಟಿ. ಚಳಿಗೆ ಕಾರಣ ಭೂಮಿಯ ಓರೆ: ಬಿಸಿಲು ವಾಲಿ ಬೀಳುತ್ತದೆ, ಹಗಲು ಕಿರಿದಾಗುತ್ತದೆ. ಬೆಂಗಳೂರಿನ ದಾಖಲೆಯ ಅತಿ ಕಡಿಮೆ ತಾಪಮಾನ 7.8 ಡಿಗ್ರಿ. ಅದು ಬಂದದ್ದು 1884ರ ಜನವರಿ 13ರಂದು, ಸೂರ್ಯ ಹತ್ತಿರವೇ ಇದ್ದ ದಿನಗಳಲ್ಲಿ.

“ವಿಶಾಖ ಮಳೆ ಬಂದೇ ಬರುತ್ತದೆ”

ಮಳೆ ನಕ್ಷತ್ರಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ಸ್ವಾತಿ, ವಿಶಾಖ, ಅನುರಾಧ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರಿಟ್ಟು, ಯಾವಾಗ ಬಿತ್ತಬೇಕು, ಯಾವಾಗ ಕೊಯ್ಯಬೇಕು ಎಂಬುದನ್ನು ಓದು ಬರಹವಿಲ್ಲದವರೂ ನೆನಪಿಡುವಂತೆ ಮಾಡಿದ್ದು ದೊಡ್ಡ ಕೆಲಸ. ಆದರೆ ಅದು ಕ್ಯಾಲೆಂಡರ್, ಮುನ್ಸೂಚನೆಯಲ್ಲ. ಸೂರ್ಯ ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ವಿಶಾಖಕ್ಕೆ ಬರುತ್ತಾನೆ. ಕೊಲ್ಲಿಯಲ್ಲಿ ವಾಯುಭಾರ ಕುಸಿಯುವುದು ಅದೇ ತಾರೀಖಿಗಲ್ಲ. ಅಲ್ಲದೆ ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಕ್ಕೂ ಋತುವಿಗೂ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದ ಅಂತರ ಬೀಳುತ್ತಾ ಬಂದಿದೆ. ಹಿರಿಯರ ಗಾದೆ ಹೇಳುವುದು ಬಹಳ ವರ್ಷಗಳ ಸರಾಸರಿಯನ್ನು. ನಿಮ್ಮ ಹೊಲಕ್ಕೆ ಬೇಕಿರುವುದು ಈ ಗುರುವಾರದ ಸುದ್ದಿ.

ಹವಾಮಾನ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಸೇರಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಕನ್ನಡದಲ್ಲೇ ಕೃಷಿ ಹವಾಮಾನ ಸಲಹೆ ಹೊರಡಿಸುತ್ತವೆ. ಮೇಘದೂತ್ ಆ್ಯಪ್‌ನಲ್ಲೂ ಅದು ಸಿಗುತ್ತದೆ. ರಾಗಿ ಕೊಯ್ಯುವ ಮುಂಚೆ ಅದನ್ನೊಮ್ಮೆ ಓದಿ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ “ಒಂದೆರಡು ಕಡೆ” ಎಂದಿದೆಯೋ “ಹಲವು ಕಡೆ” ಎಂದಿದೆಯೋ ನೋಡಿ ಅವರಿಗೆ ಹೇಳಿ. ಹಲವು ಕಡೆ ಎಂದಿದ್ದರೆ ಕುಡುಗೋಲನ್ನು ಇನ್ನೆರಡು ದಿನ ಸೂರಿನಲ್ಲೇ ಸಿಕ್ಕಿಸಿಡಿ.