ಹಾರುವ ಹಕ್ಕಿಯೂ ಕೈಯಲ್ಲಿ ಹಿಡಿದ ಕ್ಯಾಮೆರಾವೂ

ಮಂಗಳೂರಿನ ಹಂಪನಕಟ್ಟೆಯಲ್ಲಿ ತಲೆಯೆತ್ತಿ ನೋಡುವವರಿಗೆ ಹಕ್ಕಿಗಳ ಬರವಿಲ್ಲ. ಕಾಗೆ, ಪಾರಿವಾಳಗಳಂತೂ ಸರಿಯೇ. ಪಶ್ಚಿಮದ ಬಂದರಿನ ಮೀನುದಕ್ಕೆಯ ಕಡೆ ನಡೆದರೆ ಬಿಳಿಯ ತಲೆಯ, ಕೆಂಗಂದು ಮೈಯ ಗರುಡಗಳೂ ಕಾಣಸಿಗುತ್ತವೆ. ಇವುಗಳ ಚಿತ್ರ ತೆಗೆಯಹೊರಟ ವಿದ್ಯಾರ್ಥಿಗೆ ಮೊದಮೊದಲು ದೊರೆಯುವುದು ಹಕ್ಕಿಯಲ್ಲ, ಮಸುಕಾದೊಂದು ಗೆರೆ. ಬೆಲೆಬಾಳುವ ಕ್ಯಾಮೆರಾ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ಅವನು ನಿರಾಶನಾಗುತ್ತಾನೆ. ಈ ನಿರಾಶೆಗೆ ಆಧಾರವೆಷ್ಟು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ.

ಹಕ್ಕಿಯೊಂದು ನಮ್ಮಿಂದ 30 ಮೀಟರು ದೂರದಲ್ಲಿ, ಸೆಕೆಂಡಿಗೆ 10 ಮೀಟರು ವೇಗದಲ್ಲಿ ಅಡ್ಡಲಾಗಿ ಹಾರುತ್ತಿದೆ ಎಂದಿಟ್ಟುಕೊಳ್ಳೋಣ. ನಮ್ಮ ಮಸೂರದ ಸಂಗಮ ದೂರ 400 ಮಿಲಿಮೀಟರು. ಆಗ ಬಿಂಬವು ಹಕ್ಕಿಯ ಗಾತ್ರದ 75ರಲ್ಲಿ ಒಂದು ಪಾಲಾಗುತ್ತದೆ. ಅದು ಕ್ಯಾಮೆರಾದೊಳಗೆ ಸೆಕೆಂಡಿಗೆ ಸುಮಾರು 133 ಮಿಲಿಮೀಟರು ಸರಿಯುತ್ತದೆ. ಚಿತ್ರವು ಸ್ಫುಟವಾಗಿ ತೋರಬೇಕಾದರೆ ಬಿಂಬವು ಒಂದು ಮಿಲಿಮೀಟರಿನ 30ನೆಯ ಒಂದು ಪಾಲಿಗಿಂತ ಹೆಚ್ಚು ಜರುಗಬಾರದೆಂದು ಗೊತ್ತುಮಾಡಿಕೊಂಡರೆ, ಷಟರು ತೆರೆದಿರಬಹುದಾದ ಕಾಲ ಸೆಕೆಂಡಿನ 4000ದಲ್ಲಿ ಒಂದು ಪಾಲು ಮಾತ್ರ! ಇದು ಕ್ಯಾಮೆರಾ ಅಲುಗದೆ ನಿಂತಾಗಿನ ಮಾತು.

ಹಕ್ಕಿಯೊಡನೆ ಕ್ಯಾಮೆರಾವನ್ನೂ ತಿರುಗಿಸುತ್ತ ಹೋದರೆ ಲೆಕ್ಕವೇ ಬದಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಸೆಕೆಂಡಿಗೆ ಸುಮಾರು 19 ಡಿಗ್ರಿ ತಿರುಗಿದರೆ ಸಾಕು. ತೋಳುಗಳನ್ನು ಪಕ್ಕೆಗೆ ಒತ್ತಿಕೊಂಡು, ಪಾದಗಳನ್ನು ಊರಿ, ಸೊಂಟದಿಂದ ಮೇಲಿನ ಮೈಯನ್ನಷ್ಟೇ ತಿರುಗಿಸಬೇಕು. ಹೀಗೆ ಬಿಂಬದ ಓಟದ ಹತ್ತರಲ್ಲಿ ಒಂಬತ್ತು ಪಾಲನ್ನು ನಾವು ಕಳೆದೆವಾದರೆ ಸೆಕೆಂಡಿನ 400ರಲ್ಲಿ ಒಂದು ಪಾಲು ಸಾಕಾಗುತ್ತದೆ. ಸಾಧಾರಣ ಕ್ಯಾಮೆರಾಕ್ಕೂ ಇದು ಎಟುಕದ ವೇಗವಲ್ಲ. 1882ರಲ್ಲಿ ಫ್ರಾನ್ಸಿನ ಶರೀರಶಾಸ್ತ್ರಜ್ಞ ಎಟಿಯೆನ್ ಜೂಲ್ ಮಾರೆ ಹಾರುವ ಹಕ್ಕಿಗಳಿಗಾಗಿಯೇ ರಚಿಸಿದ ಕ್ಯಾಮೆರಾ ಬಂದೂಕಿನ ಆಕಾರದ್ದಾಗಿತ್ತು. ಅದನ್ನು ಭುಜಕ್ಕೆ ಆನಿಸಿ ಗುರಿ ಹಿಡಿದರೆ ಸೆಕೆಂಡಿಗೆ 12 ಚಿತ್ರಗಳು ಮೂಡುತ್ತಿದ್ದವು. ಯಾವ ಹಕ್ಕಿಗೂ ನೋವಾಗದ ಬಂದೂಕು!

ಮೈ ನಿಂತರೂ ರೆಕ್ಕೆ ನಿಲ್ಲಬೇಕಲ್ಲ? ಪಾರಿವಾಳವು ಸೆಕೆಂಡಿಗೆ ಹಲವು ಬಾರಿ ರೆಕ್ಕೆ ಬಡಿಯುತ್ತದೆ. ಅದರ ತುದಿಯ ಓಟ ಮೈಯ ಓಟಕ್ಕಿಂತ ಬೇರೆ. ಆದರೆ ಉಯ್ಯಾಲೆಯು ಎರಡು ಕೊನೆಗಳಲ್ಲಿ ಕ್ಷಣಕಾಲ ನಿಲ್ಲುವಂತೆ, ರೆಕ್ಕೆಯೂ ಬಡಿತದ ಮೇಲ್ತುದಿ ಕೆಳತುದಿಗಳಲ್ಲಿ ನಿಧಾನಿಸಿಯೇ ದಿಕ್ಕು ಬದಲಿಸುತ್ತದೆ. ಆ ಗಳಿಗೆಯ ಚಿತ್ರ ಸ್ಫುಟವಾಗಿರುತ್ತದೆ. ಗರುಡವಾದರೋ ಬಹಳ ಹೊತ್ತು ರೆಕ್ಕೆ ಹರಡಿ ತೇಲುವ ಹಕ್ಕಿ. ಹೊಸಬರು ಪಾರಿವಾಳವನ್ನು ಬಿಟ್ಟು ಗರುಡದಿಂದಲೇ ಆರಂಭಿಸುವುದು ಮೇಲೆಂದು ನಮ್ಮ ಮತ.

ಇನ್ನು ಉಳಿದಿರುವುದು ನಮ್ಮ ಬೆರಳಿನ ವಿಚಾರ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ನಮ್ಮ ಹಕ್ಕಿ 2 ಮೀಟರು ಮುಂದೆ ಹೋಗಿರುತ್ತದೆ. ಆದ್ದರಿಂದ ಅದು ಮಾಡುವುದನ್ನು ಮೊದಲೇ ಊಹಿಸಬೇಕು. ಇಲ್ಲಿ ಕರಾವಳಿಯ ಗಾಳಿ ನಮಗೆ ಸಹಾಯಕ್ಕೆ ಬರುತ್ತದೆ. ರೆಕ್ಕೆಯ ಮೇಲೆ ಗಾಳಿ ವೇಗವಾಗಿ ಹರಿದಷ್ಟೂ ಮೇಲಕ್ಕೆತ್ತುವ ಬಲ ಹೆಚ್ಚಾಗುವುದರಿಂದ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಮೇಲೇಳುತ್ತವೆ. ಬೇಸಗೆಯ ಮಧ್ಯಾಹ್ನದ ಮೇಲೆ ಮಂಗಳೂರಿನಲ್ಲಿ ಕಡಲಗಾಳಿ ಪಶ್ಚಿಮದಿಂದ ಬೀಸುತ್ತದೆ. ಸೂರ್ಯನೂ ಆಗ ಪಶ್ಚಿಮಕ್ಕೆ ವಾಲಿರುತ್ತಾನೆ. ಹಕ್ಕಿ ಕುಳಿತ ಮಾಡಿಗೆ ಪಶ್ಚಿಮದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ ನಿಂತರೆ, ಅದು ಬೆಳಕು ತುಂಬಿದ ಮುಖದೊಡನೆ ನಮ್ಮತ್ತಲೇ ಏಳುವ ಸಂಭವ ಹೆಚ್ಚು. ಎತ್ತರದ ಕಟ್ಟಡಗಳ ನಡುವೆ ಗಾಳಿ ದಿಕ್ಕು ತಪ್ಪುವುದುಂಟು. ತೆಂಗಿನ ಗರಿಗಳು ಯಾವ ಕಡೆಗೆ ಬಾಗಿವೆಯೆಂದು ನೋಡಿಕೊಳ್ಳಬೇಕು. ಕಲ್ಲೆಸೆದು ಹಕ್ಕಿಯನ್ನು ಎಬ್ಬಿಸುವ ಚಾಳಿ ಬೇಡ. ಬೆದರಿದ ಹಕ್ಕಿಗೆ ಗಾಳಿಯ ನಿಯಮ ನೆನಪಿರುವುದಿಲ್ಲ.

ಜೂನ್ ಬಂದು ಮೋಡ ಕವಿದ ಮೇಲೆ ಸೆಕೆಂಡಿನ 400ರಲ್ಲಿ ಒಂದು ಪಾಲಿಗೂ ಬೆಳಕು ಸಾಲದಾಗಬಹುದು. ಆಗ ಕ್ಯಾಮೆರಾದ ಬೆಳಕುಗ್ರಾಹಕತೆಯನ್ನು ಏರಿಸಿ, ಚಿತ್ರದಲ್ಲಿ ಮೂಡುವ ಕಾಳುಕಾಳನ್ನು ಸಹಿಸಿಕೊಳ್ಳಬೇಕು. ಇಲ್ಲವೇ ಮಳೆ ಬಿಡುವು ಕೊಟ್ಟಾಗ ಮಾಡಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಹಕ್ಕಿಯನ್ನು ನಿಧಾನವಾಗಿ ಚಿತ್ರಿಸಬೇಕು.