ಮಕ್ಕಳ ಕುತ್ತಿಗೆಯಲ್ಲಿ ಗಂಟು: ಎರಡು ವಾರ ದಾಟಿದರೆ ತಡ ಮಾಡಬೇಡಿ

ತಾಳಿಕೋಟೆ: ಮಗುವಿನ ಕುತ್ತಿಗೆಯಲ್ಲಿ ಗಂಟು ಕೈಗೆ ಹತ್ತಿದರೆ ಮನೆಮಂದಿ ಹೆದರೋದು ಸಹಜ. ಇವು ಸೋಂಕಿನ ವಿರುದ್ಧ ಹೋರಾಡುವ ದುಗ್ಧಗ್ರಂಥಿಗಳು. ನೆಗಡಿ, ಗಂಟಲುನೋವು, ಹುಳುಕು ಹಲ್ಲು, ಕಿವಿ ಸೋರುವುದು, ತಲೆಯಲ್ಲಿ ಹೇನು-ಹುಣ್ಣು ಇದ್ದರೂ ಉಬ್ಬುತ್ತವೆ; ಬಹುತೇಕ ತಾವಾಗಿಯೇ ಇಳಿಯುತ್ತವೆ. ಕಿವಿ ಕೆಳಗೆ ಗದ್ದದವರೆಗೆ ಬಾತರೆ ಮಂಗನಬಾವು ಇರಬಹುದು. ಬಾವು ಬಂದಾಗಿನಿಂದ 5 ದಿನ ಶಾಲೆಗೆ ಕಳಿಸಬೇಡಿ.

ಆದರೆ ಗಂಟು 2 ವಾರವಾದರೂ ಇಳಿಯದೆ, ಜತೆಗೆ ಜ್ವರ, ತೂಕ ಇಳಿಕೆ ಇದ್ದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ, ಅದು ಗಂಟಿನ ಕ್ಷಯ ಇರಬಹುದು. ಕೆಮ್ಮು ಇರಲೇಬೇಕಂತಿಲ್ಲ. ಸೂಜಿಯಿಂದ ಗಂಟಿನ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಕ್ಷಯಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಉಚಿತ. ಆಹಾರಕ್ಕೆ ತಿಂಗಳಿಗೆ 1,000 ರೂ. ಖಾತೆಗೆ ಬರುತ್ತದೆ.

ಗಂಟಿಗೆ ಬರೆ ಹಾಕಿಸಬೇಡಿ, ಹಿಸುಕಬೇಡಿ. ಮೆಡಿಕಲ್ ಅಂಗಡಿಯವರೂ ಡಾಕ್ಟರ್ ಚೀಟಿ ಇಲ್ಲದೆ ಗುಳಿಗೆ ಕೊಡದೆ ಆಸ್ಪತ್ರೆಗೆ ಕಳಿಸಿ.